ತಾರಸಿ ಮೇಲೆ ಬಟ್ಟೆ ಹಾಕಬೇಡ

ಮುರಳಿ ಶಾಮಿಯಾನದ ಹಗ್ಗವನ್ನು ಪಾರಿವಾಳದ ಗೂಡಿನ ಕಂಬಕ್ಕೆ ಸುತ್ತಿ, ಗೋಡೆಗೆ ಕಾಲು ಕೊಟ್ಟು ಎಳೆಯುತ್ತಿದ್ದ. ಕೆಳಗೆ ಅಂಗಳದಲ್ಲಿ, ಗಂಡನ ಹೆಣದ ತಲೆಗಡೆ ಕೂತಿದ್ದ ಮಾಸ್ತಮ್ಮನಿಗೆ ಕಂಬ ಕಿರುಗುಟ್ಟಿದ್ದು ಕೇಳಿಸಿತು. ಕತ್ತೆತ್ತಿ ನೋಡುವಷ್ಟರಲ್ಲಿ ಕೆಂಪು ನೀಲಿ ಪಟ್ಟೆಯ ಬಟ್ಟೆ ಅಂಗಳವನ್ನೂ ತಾರಸಿಯ ಮುಕ್ಕಾಲು ಪಾಲನ್ನೂ ಮುಚ್ಚಿತ್ತು.

"ಅಲ್ಲಿಗೆ ಕಟ್ಬೇಡ್ವೋ ಮುರಳಿ," ಎಂದಳು.

"ಇನ್ನೆಲ್ಲಿಗೆ ಕಟ್ಲಿ ದೊಡ್ಡಮ್ಮ? ಬೇರೆ ಕಂಬ ಎಲ್ಲಿದೆ? ಬಿಸ್ಲು ಬಂದ್ರೆ ದೊಡ್ಡಪ್ಪನ ಮುಖ ಕಪ್ಪಾಗುತ್ತೆ."

ಮುರಳಿ ಮೈದುನನ ಮಗ. ಮಾಸ್ತಮ್ಮನಿಗಿದ್ದದ್ದು ಶೀಲಾ ಒಬ್ಬಳೇ ಮಗಳಾದ್ದರಿಂದ ಕೊಳ್ಳಿ ಇಡಬೇಕಾದವನೂ ಅವನೇ. ರಾತ್ರಿಯಿಂದ ಒಂದು ಲೋಟ ಕಾಫಿಯನ್ನೂ ನೆಟ್ಟಗೆ ಕುಡಿಯದೆ ಓಡಾಡಿದ್ದ. ಅಂಥವನಿಗೆ ಏನು ಹೇಳುವುದು? ಗಂಡ ಸತ್ತ ಬೆಳಿಗ್ಗೆ ಪಾರಿವಾಳದ ಮಾತೆತ್ತಿದರೆ ಬಂದ ಜನ ಏನಂದಾರು? ಮಾಸ್ತಮ್ಮ ಬಾಯಿ ಮುಚ್ಚಿಕೊಂಡಳು.

ಆದರೆ ಎದೆಯೊಳಗೆ ಆ ಮಾತು ಸುಮ್ಮನಿರಲಿಲ್ಲ. ನಿನ್ನೆ ಶನಿವಾರ ಸಂಜೆ ರಂಗಪ್ಪ ಗೂಡು ಗುಡಿಸಿ ಕೆಳಗಿಳಿದವನು ಮಂಚದ ಮೇಲೆ ಕೂತ. ಎದೆ ಉರಿ ಎಂದ. ಬಿಸಿನೀರು ಕೊಟ್ಟಳು. ಕುಡಿದು ಲೋಟ ವಾಪಸು ಕೊಡುತ್ತ, "ನಾಳೆ ಚೌಡಿ ಬರ್ತಾಳೆ. ತಾರಸಿ ಮೇಲೆ ಬಟ್ಟೆ ಹಾಕ್ಬೇಡ ಮಾರಾಯ್ತಿ," ಎಂದ. ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಆಸಾಮಿ ಇರಲಿಲ್ಲ.

ಇಷ್ಟು ವರ್ಷ ಸಂಸಾರ ಮಾಡಿದವನ ಕೊನೆಯ ಮಾತು ಇದು. ಉಂಡೆಯಾ ಎಂದು ಕೇಳಲಿಲ್ಲ, ಶೀಲಾಗೊಂದು ಫೋನು ಮಾಡು ಎನ್ನಲಿಲ್ಲ. ಮಾಸ್ತಮ್ಮನಿಗೆ ದುಃಖದಷ್ಟೇ ಸಿಟ್ಟೂ ಬಂದಿತ್ತು. ಏನೇ ಆಗಲಿ, ಅವನು ಅವಳ ಹತ್ತಿರ ಕೊನೆಗೆ ಕೇಳಿಕೊಂಡದ್ದು ಅದೊಂದನ್ನೇ. ಈಗ ನೋಡಿದರೆ ಮನೆಯಗಲದ ಬಟ್ಟೆಯೇ ತಾರಸಿ ಮೇಲೆ ಬಿದ್ದಿತ್ತು.

*

ಮದುವೆಯಾಗಿ ಭದ್ರಾವತಿಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಅವಳು ಧಾರೆ ಸೀರೆ ಒಗೆದು ತಾರಸಿಯ ಮೇಲೆ ಹರವಿದ್ದಳು. ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ರಂಗಪ್ಪ ಬೀದಿಯಿಂದಲೇ ಅದನ್ನು ಕಂಡು ಹೌಹಾರಿದ. ಮೆಟ್ಟಿಲು ಹಾರಿ ಹತ್ತಿ, ಹಸಿ ಸೀರೆಯನ್ನು ಮುದ್ದೆ ಮಾಡಿ ಅವಳ ಕೈಗೆ ತುರುಕಿದ.

"ರೇಸಿನ ದಿನ ಕೆಂಪು ಬಟ್ಟೆ ಹಾಕ್ತಾರೇನೇ? ಹಕ್ಕಿ ಇಳಿಯುತ್ತಾ?"

"ಹಕ್ಕಿಗೆ ಹೆದರ್ಕೊಂಡು ಬಟ್ಟೆ ಒಗೀಬಾರ್ದಾ?"

"ಭಾನುವಾರ ನೀನು ಮೇಲೆ ಬರ್ಲೇಬೇಡ. ಹೊಸ ಮುಖ ಕಂಡ್ರೂ ಬೆದರ್ತಾವೆ. ನಾನೊಬ್ನೇ ಇರ್ಬೇಕು. ನನ್ನ ಶಿಳ್ಳೆ ಕೇಳಿದ್ರೆ ಸಾಕು, ಆಕಾಶದಲ್ಲಿ ಎಲ್ಲಿದ್ರೂ ಇಳಿದು ಬರ್ತಾವೆ."

ಹೊಸ ಮುಖ ಹಳೆಯದಾಯಿತು, ತಲೆ ನರೆಯಿತು, ಭಾನುವಾರದ ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಅವನು ಮೇಲೆ ಶಿಳ್ಳೆ ಹಾಕುತ್ತಿದ್ದ. ಅವಳು ಕೆಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಯಾವ ಹಕ್ಕಿ ಹೇಗೆ ಇಳಿಯಿತೆಂದು ಅವಳು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ರೇಸಿಗೆ ದೂರದ ಊರಲ್ಲಿ ಬಿಟ್ಟಾಗ ಐದಾರು ವರ್ಷದಿಂದ ಎಲ್ಲರಿಗಿಂತ ಮೊದಲು ಮನೆಗೆ ಬರುತ್ತಿದ್ದ ಬೂದು ಬಣ್ಣದ ಹೆಣ್ಣು ಹಕ್ಕಿಗೆ ಅವನು ಚೌಡಿ ಎಂದು ಹೆಸರಿಟ್ಟಾಗ, "ಒಳ್ಳೇ ಸವತೀನೇ ತಂದ್ರಿ," ಎಂದು ನಕ್ಕಿದ್ದಳು. ಆ ನಗುವಿನೊಳಗೆ ಹೊಟ್ಟೆಯುರಿಯೂ ಇತ್ತು. ಇಲ್ಲವೆಂದರೆ ಸುಳ್ಳಾದೀತು.

*

ಬಿಸಿಲು ಏರುವ ಹೊತ್ತಿಗೆ ಜಟ್ಟಪ್ಪ ಬಂದ. ಶಿವಮೊಗ್ಗದ ರಾಗಿಗುಡ್ಡದಲ್ಲಿ ಅವನೂ ಹಕ್ಕಿ ಸಾಕಿದವನು; ರೇಸಿನಲ್ಲಿ ಎದುರಾಳಿ, ಉಳಿದ ದಿನ ರಂಗಪ್ಪನ ಜೀವದ ಗೆಳೆಯ. ಹಾರ ಹಾಕಿ, ಕಾಲು ಮುಟ್ಟಿ, ಮಾಸ್ತಮ್ಮನ ಎದುರು ಕುಕ್ಕರಗಾಲಲ್ಲಿ ಕೂತ.

"ರಾತ್ರಿನೇ ರೇಸು ನಿಲ್ಸೋಣ ಅಂತ ಫೋನ್ ಮಾಡ್ದೆ ಅತ್ತಿಗೆ. ಅಷ್ಟೊತ್ತಿಗೆ ಹಕ್ಕಿ ಗಾಡಿ ರಾಯಚೂರು ಸೇರಿತ್ತು. ಬೆಳಕು ಹರೀತಿದ್ದಂಗೆ ಎಲ್ಲಾ ಬಿಟ್ರಂತೆ."

"ಚೌಡೀನೂ?"

"ಅವಳನ್ನೂ." ಅವನು ದನಿ ತಗ್ಗಿಸಿದ. "ರಂಗಣ್ಣನ ಶಿಳ್ಳೆ ಇಲ್ದೆ ಹೆಂಗೆ ಇಳೀತಾಳೋ ಏನೋ."

"ನಿಂದೂ ಹಕ್ಕಿ ಬಿಟ್ಟಿದಾರಲ್ಲ. ಮನೇಲಿ ಯಾರಿದಾರೆ?"

"ಯಾರೂ ಇಲ್ಲ. ಬಂದ್ರೆ ಬರ್ತಾವೆ ಬಿಡಿ," ಎಂದು ಜಟ್ಟಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

ಆಯನೂರಿನಿಂದ ರಂಗಪ್ಪನ ಅಕ್ಕ ಹೊರಟಿದ್ದಳು. ಅವಳು ಬಂದು ತಮ್ಮನ ಮುಖ ನೋಡಿದ ಮೇಲೆಯೇ ಹೆಣ ಎತ್ತುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಹೊತ್ತು ಹೋಗಬೇಕಲ್ಲ. ಗಂಡಸರು ಕಾರ್ಖಾನೆಯ ಹಳೇ ಕತೆ ತೆಗೆದರು. ತಮಟೆಯವರು ಮೂಲೆಯಲ್ಲಿ ಬೆಂಕಿ ಮಾಡಿ ಚರ್ಮ ಕಾಯಿಸುತ್ತಿದ್ದರು. ಮುರಳಿ ಪಟಾಕಿ ಸರ ಬಿಚ್ಚಿಟ್ಟಿದ್ದ. ಇಷ್ಟು ಜನರ ನಡುವೆ ಕೂತಿದ್ದರೂ ಮಾಸ್ತಮ್ಮನಿಗೆ ತನ್ನ ಹತ್ತಿರ ಯಾರೂ ಇಲ್ಲ ಎನಿಸುತ್ತಿತ್ತು. ಎಲ್ಲರೂ ಹೋದವನ ಬಗ್ಗೆ ಮಾತಾಡುತ್ತಿದ್ದರು. ಬರಬೇಕಾದ ಚೌಡಿಯ ಯೋಚನೆ ಅವಳೊಬ್ಬಳಿಗೇ.

ಆಗ ತಲೆಯ ಮೇಲಿನ ಬಟ್ಟೆಯಲ್ಲಿ ಒಂದು ಸಣ್ಣ ನೆರಳು ಸರಿಯಿತು. ಕೆಂಪು ಪಟ್ಟೆಯಿಂದ ನೀಲಿಗೆ, ನೀಲಿಯಿಂದ ಕೆಂಪಿಗೆ. ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

*

ಹೋದ ವರ್ಷ ಬೈರ ಎಂಬ ಹಳೇ ಗಂಡು ಹಕ್ಕಿ ರೇಸಿನಿಂದ ವಾಪಸು ಬರಲೇ ಇಲ್ಲ. ರಂಗಪ್ಪ ವಾರವೆಲ್ಲ ತಾರಸಿಯಿಂದ ಇಳಿಯದೆ ಕಾದ. ಊಟದ ತಟ್ಟೆ ಹಿಡಿದು ಅವಳೇ ಮೇಲೆ ಹೋಗಬೇಕಾಯಿತು.

"ಎಳೇ ಹಕ್ಕಿ ಆದ್ರೆ ದಾರಿ ತಿಳೀಲಿಲ್ಲ ಅನ್ಬಹುದು. ಇವ್ನು ಎಷ್ಟು ಸಲ ಬಂದೋನು! ಏನಾಯ್ತು ರೀ ಅವ್ನಿಗೆ?"

"ಗಿಡುಗ ಹೊಡೆದಿರಬಹುದು. ಕರೆಂಟ್ ತಂತಿಗೆ ಬಡ್ಕೊಂಡಿರಬಹುದು. ಎದುರು ಗಾಳೀಲಿ ಸುಸ್ತಾಗಿ ಯಾವನದೋ ಗೂಡಿಗೆ ಇಳಿದ್ರೆ, ಅವ್ನು ರೆಕ್ಕೆ ಕತ್ತರಿಸಿ ಇಟ್ಕೊಂಡಿರಬಹುದು." ರಂಗಪ್ಪ ಅನ್ನ ಕಲಸುತ್ತ ಆಕಾಶವನ್ನೇ ನೋಡುತ್ತಿದ್ದ. "ಇನ್ನೊಂದಿದೆ. ಮನೆ ತನಕ ಬಂದೂ ತಪ್ಪಿ ಹೋಗ್ತಾವೆ."

"ಮನೆ ತನಕ ಬಂದ ಮೇಲೆ ಏನು ದಾಡಿ?"

"ಎಳೇದು ಹಸಿವಿಗೆ ಎಲ್ಲಾದ್ರೂ ಇಳಿದುಬಿಡುತ್ತೆ. ಹಳೇದಕ್ಕೆ ಮನೆ ಹೆಂಗಿತ್ತು ಅಂತ ಚೆನ್ನಾಗಿ ನೆನಪಿರುತ್ತೆ. ಮೇಲಿಂದ ಬೇರೆ ಥರ ಕಂಡ್ರೆ, ಇದು ನಮ್ಮನೆ ಅಲ್ಲ ಅಂದ್ಕೊಂಡು ಮುಂದಕ್ಕೆ ಹೋಗುತ್ತೆ. ಹೋಗಿ ಹೋಗಿ ಎಲ್ಲೋ ಬೀಳುತ್ತೆ."

ಅವಳು ಸಾರು ಬಡಿಸುತ್ತ ಕೇಳಿದಳು: "ನಾನು ಎಲ್ಲಾದ್ರೂ ಹೋಗಿ ಬರ್ದೇ ಇದ್ರೆ ಹಿಂಗೇ ಕಾಯ್ತೀರಾ?"

"ನೀನೆಲ್ಲಿ ಹೋಗ್ತೀಯ ಮಾರಾಯ್ತಿ!" ಎಂದು ರಂಗಪ್ಪ ನಕ್ಕ. ಅವನು ತಮಾಷೆಗೆ ಅಂದಿದ್ದ. ಅವಳಿಗೆ ಅದು ಎಷ್ಟೋ ದಿನ ಚುಚ್ಚಿತು.

*

ಮೂರನೇ ಸಲ ನೆರಳು ಬಂದಾಗ ಮಾಸ್ತಮ್ಮ ಎದ್ದು ನಿಂತಳು. ಹೆಣ ಎತ್ತುವ ಮುಂಚೆ ಹೆಂಡತಿ ಏಳಬಾರದು. ಪಕ್ಕದ ಮನೆಯ ಮಂಜುಶ್ರೀ ಅವಳ ಸೀರೆ ಹಿಡಿದೆಳೆದಳು.

"ಜಟ್ಟಪ್ಪ, ಚೌಡಿ ಬಂದಿದಾಳೆ. ಮುರಳಿ, ಈ ಬಟ್ಟೆ ಬಿಚ್ಚೋ."

ಮುರಳಿ ಬಾಯಿ ತೆರೆದು ನಿಂತ. ಶೀಲಾ ತಾಯಿಯ ಹೆಗಲು ಹಿಡಿದು, "ಅಮ್ಮ, ಸುಮ್ನಿರಮ್ಮ, ಕೂತ್ಕೊ," ಎಂದು ಅತ್ತಳು. ಅಮ್ಮನಿಗೆ ತಲೆ ಕೆಟ್ಟಿತೆಂದೇ ಅವಳು ತಿಳಿದಳು. ಜಟ್ಟಪ್ಪನೊಬ್ಬನೇ ಶಾಮಿಯಾನದ ಹೊರಗೆ ಓಡಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.

"ಅವಳೇ ಅತ್ತಿಗೆ! ಮನೆ ಗುರುತು ಸಿಗ್ತಿಲ್ಲ ಅವಳಿಗೆ. ಇನ್ನೊಂದೆರಡು ಸುತ್ತು ಹಾಕಿ ಹೊರಟುಬಿಡ್ತಾಳೆ."

"ಬಿಚ್ಚೋ ಅಂದ್ನಲ್ಲ!" ಮಾಸ್ತಮ್ಮ ಕೂಗಿದಳು. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಆ ಬೀದಿಯವರು ಕೇಳಿರಲೇ ಇಲ್ಲ. ಮುರಳಿಯೂ ಜಟ್ಟಪ್ಪನೂ ಮೇಲೆ ಹತ್ತಿ ಹಗ್ಗ ಸಡಿಲಿಸಿದರು. ಬಟ್ಟೆ ಜಾರಿ ಬಿತ್ತು. ಬಿಸಿಲು ನೇರವಾಗಿ ರಂಗಪ್ಪನ ಮುಖಕ್ಕೆ ಬಡಿಯಿತು. ಮಾಸ್ತಮ್ಮ ಬಾಗಿ ತನ್ನ ಸೆರಗನ್ನು ಅವನ ಮುಖಕ್ಕೆ ಮರೆಯಾಗಿ ಹಿಡಿದಳು.

ಚೌಡಿ ಇಳಿಯಲಿಲ್ಲ. ಎದುರಿನ ಕರೆಂಟ್ ಕಂಬದ ಮೇಲೆ ಕೂತು, ಬಾಯಿ ತೆರೆದು ಏದುಸಿರು ಬಿಡುತ್ತ, ಕತ್ತು ಅತ್ತ ಇತ್ತ ಕೊಂಕಿಸಿ ಕೆಳಗಿನ ಜಾತ್ರೆಯನ್ನು ನೋಡುತ್ತಿದ್ದಳು. ಮೂಲೆಯಲ್ಲಿ ಯಾರೋ ತಮಟೆಗೆ ಒಂದು ಪೆಟ್ಟು ಕೊಟ್ಟು ಪರೀಕ್ಷಿಸಿದರು. ಹಕ್ಕಿ ಚಂಗನೆ ಎದ್ದು, ದೊಡ್ಡ ಸುತ್ತು ಹೊಡೆದು, ಮತ್ತೆ ಬಂದು ಕೂತಿತು. ಈ ಸಲ ಇನ್ನೂ ದೂರದ ಕಂಬ.

ಇನ್ನು ಏನು ಮಾಡಬೇಕೆಂದು ಮಾಸ್ತಮ್ಮನಿಗೆ ತಿಳಿಯಿತು. ಜನ ಹೋಗಬೇಕು. ಜನ ಹೋಗಬೇಕಾದರೆ ಅವನು ಹೋಗಬೇಕು. ಇನ್ನೊಂದಿಷ್ಟು ಹೊತ್ತು ಅವನ ಮುಖ ನೋಡುತ್ತ ಕೂರುವ ಆಸೆ ಅವಳಿಗಿತ್ತು, ಅಷ್ಟೂ ಇಲ್ಲದಂತಾಯಿತು.

"ಎತ್ತಿ," ಎಂದಳು.

"ಆಯನೂರತ್ತೆ ಇನ್ನೂ ಬಸ್ಸಲ್ಲಿದಾರೆ ದೊಡ್ಡಮ್ಮ!"

"ದಾರೀಲಿ ಒಂದ್ಕಡೆ ಚಟ್ಟ ಇಳಿಸ್ತೀರಲ್ಲ, ಅಲ್ಲಿ ಮುಖ ನೋಡ್ಲಿ. ಮೇನ್ ರೋಡ್ ಮುಟ್ಟೋ ತನಕ ತಮಟೆ ಬೇಡ. ಪಟಾಕಿ ಹೊಡೀಲೇಬೇಡಿ."

"ಸದ್ದಿಲ್ದೆ ಕಳ್ಸೋಕೆ ಅಪ್ಪ ಏನು ದಿಕ್ಕಿಲ್ದೋರಾ?" ಶೀಲಾಳ ಅಳು ಸಿಟ್ಟಾಗಿ ತಿರುಗಿತು.

"ಗಂಡನ್ನ ಕಳ್ಸೋಕೆ ಏನವಸರ ನೋಡ್ರಿ," ಎಂದು ಹಿಂದಿನಿಂದ ಯಾರೋ ಅಂದರು. ಅದು ಮಾಸ್ತಮ್ಮನ ಕಿವಿಗೆ ಬಿತ್ತು. ಬೀಳಲೆಂದೇ ಅಂದಿದ್ದರು. ಅವಳು ರಂಗಪ್ಪನ ಹಣೆಯ ಮೇಲೆ ಕೈ ಇಟ್ಟು, "ಹೋಗ್ಬನ್ನಿ," ಎಂದಳು. ಜಟ್ಟಪ್ಪ ಬಂದು ಚಟ್ಟದ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಅವನು ಕೊಟ್ಟ ಮೇಲೆ ಉಳಿದವರೂ ಕೊಟ್ಟರು.

ತಮಟೆಯಿಲ್ಲದೆ ರಂಗಪ್ಪ ಆ ಬೀದಿ ದಾಟಿದ. ಚಪ್ಪಲಿಗಳ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು. ಅವರಲ್ಲಿ ಹೆಂಗಸರು ಮಸಣಕ್ಕೆ ಹೋಗುವ ವಾಡಿಕೆ ಇರಲಿಲ್ಲ. ಉಳಿದವರು ಅಂಗಳ ತೊಳೆಯಲು, ಮಾಸ್ತಮ್ಮನಿಗೆ ತಲೆಗೆ ಎರೆಯಲು ನೀರು ಕಾಯಿಸತೊಡಗಿದರು. ಅವಳು ಒಂದೊಂದೇ ಮೆಟ್ಟಿಲು ಹತ್ತಿ ತಾರಸಿಗೆ ಹೋದಳು.

ಗೂಡಿನ ಬಾಗಿಲು ತೆರೆದಳು. ಒಳಗೆ ಒಂದು ಮೂಲೆಯಲ್ಲಿ ಗಂಡು ಹಕ್ಕಿಯೊಂದು ಕದಲದೆ ಕೂತಿತ್ತು. ಉಳಿದವು ಅವಳನ್ನು ಕಂಡು ರೆಕ್ಕೆ ಬಡಿದವು. ಶಿಳ್ಳೆ ಹಾಕಲೆಂದು ತುಟಿ ಕೂಡಿಸಿದಳು. ಒಣ ಬಾಯಿಂದ ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದಳು, ಅಷ್ಟೇ. ಸೋತು ಗೋಡೆಗೊರಗಿ ಕೂತಳು.

ಚೌಡಿ ಯಾರ ಶಿಳ್ಳೆಗೂ ಕಾಯಲಿಲ್ಲ. ಕಂಬದಿಂದ ಎದ್ದು, ತಾರಸಿಯ ಮೇಲೆ ತಗ್ಗಾಗಿ ಹಾದು, ಗೂಡಿನ ಮುಂದಿನ ಹಲಗೆಯ ಮೇಲೆ ಇಳಿದಳು. ನೀರು ಕುಡಿಯಲಿಲ್ಲ, ಕಾಳು ಮುಟ್ಟಲಿಲ್ಲ. ಮಾಸ್ತಮ್ಮನ ಕಾಲಿನ ಪಕ್ಕದಲ್ಲೇ ನಡೆದು ಒಳಗೆ ಹೋದಳು. ಮೂಲೆಯ ಗಂಡು ಎದ್ದು ಜಾಗ ಬಿಟ್ಟಿತು. ಅದರ ಅಡಿಯಲ್ಲಿ ಎರಡು ಬಿಳಿ ಮೊಟ್ಟೆಗಳಿದ್ದವು. ಚೌಡಿ ಅವನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಂಡು ಕೂತು ಕಣ್ಣು ಮುಚ್ಚಿದಳು.

"ಅವರು ಹೋದ್ರು ಕಣೇ," ಎಂದಳು ಮಾಸ್ತಮ್ಮ. ಹಕ್ಕಿ ತಿರುಗಿಯೂ ನೋಡಲಿಲ್ಲ.

ರೇಸಿನವರು ಗುರುತಿಗೆ ಕಾಲಿಗೆ ಹಾಕಿದ್ದ ರಬ್ಬರ್ ಉಂಗುರ ತೆಗೆಯಲೆಂದು ಅವಳು ಕೈ ಚಾಚಿದಳು. ಚೌಡಿ ಫಟ್ಟನೆ ಕುಕ್ಕಿದಳು. ಬೆರಳ ಗೆಣ್ಣಿನ ಮೇಲೆ ರಕ್ತದ ಹನಿ ಮೂಡಿತು. ರಾತ್ರಿ ಹೆಣದ ಮೈ ಒರೆಸುವಾಗ ರಂಗಪ್ಪನ ಬೆರಳುಗಳ ಮೇಲೆಲ್ಲ ಇಂಥವೇ ಸಣ್ಣ ಕಲೆಗಳನ್ನು ಕಂಡಿದ್ದಳು. ಕುಲುಮೆಯ ಕಿಡಿ ಸಿಡಿದದ್ದು ಎಂದು ಅವನು ಹೇಳಿಕೊಂಡು ಬಂದಿದ್ದ. ಕೆಲಸ ಬಿಟ್ಟು ಎಷ್ಟು ವರ್ಷವಾದರೂ ಕಿಡಿಯ ಗಾಯ ಹಸಿಯಾಗಿರುತ್ತದೆಯೇ? ಅವಳು ಯಾವತ್ತೂ ಕೇಳಿರಲಿಲ್ಲ.

"ನಿಮಗೂ ಕುಕ್ತಿದ್ಲೇನ್ರೀ?" ಎಂದಳು. ಬೆಳಗಿನಿಂದ ಬಾರದ ಅಳು ಈಗ ಬಂತು.

ದೂರ ಮೇನ್ ರೋಡಿನಲ್ಲಿ ತಮಟೆ ಶುರುವಾಯಿತು. ಕೆಳಗಿನಿಂದ ಶೀಲಾ, "ಅಮ್ಮ, ನೀರು ಕಾದಿದೆ, ಬಾ," ಎಂದು ಕರೆದಳು. ಮಾಸ್ತಮ್ಮ ಮತ್ತೆ ಕೈ ಚಾಚಿದಳು. ಚೌಡಿ ಮತ್ತೆ ಕುಕ್ಕಿದಳು, ಇನ್ನೊಮ್ಮೆ ಕುಕ್ಕಿದಳು. ಅವಳು ಕೈ ಹಿಂದಕ್ಕೆ ತೆಗೆಯದೆ ಮೆಲ್ಲಗೆ ಹಕ್ಕಿಯ ಬಿಸಿ ಹೊಟ್ಟೆಯ ಅಡಿಗೆ, ಮೊಟ್ಟೆಗಳ ಪಕ್ಕಕ್ಕೆ ಸರಿಸಿ, ಅಲ್ಲೇ ಇಟ್ಟುಕೊಂಡು ಕೂತಳು.