ಮದಾಂ ಓದಿಲ್ ಹೇಳಿದ ಪದ್ಧತಿ

ಇದು ನಡೆದದ್ದೇ. ನಾನು ಹೇಳಿದ್ದನ್ನು ನಂಬುವವರು ಕಡಿಮೆ, ಏಕೆಂದರೆ ಹೆಚ್ಚಿನದ್ದನ್ನು ನಾನು ಬೇರೆಯವರ ದನಿಯಲ್ಲಿ ಹೇಳುತ್ತೇನೆ. ಈ ಸಲ ನನ್ನ ಸ್ವಂತ ದನಿ. ಸ್ವಲ್ಪ ಕೀರಲು, ಸಹಿಸಿಕೊಳ್ಳಿ.

ನಾವು ಖತರಿನ ಅಲ್ ಖೋರ್‌ನಲ್ಲಿ ಇರುವವರು. ವಾರಕ್ಕೆ ಐದು ದಿನ ಕಂಪನಿ ಬಸ್ಸಿನಲ್ಲಿ ರಾಸ್ ಲಫಾನಿನ ಗ್ಯಾಸ್ ಸ್ಥಾವರಕ್ಕೆ ಹೋಗಿಬರುತ್ತೇವೆ, ಶುಕ್ರವಾರ ಬೆಳಿಗ್ಗೆ ಸೈಕಲ್ ಹೊಡೆಯುತ್ತೇವೆ. ಡಾಂಬರಿನ ಮೇಲೆ ಅಲ್ಲ, ಮರುಭೂಮಿಯ ಕಲ್ಲುದಾರಿಯಲ್ಲಿ. ಅದಕ್ಕೆಂದೇ ದಪ್ಪ ಟೈರಿನ ಸೈಕಲ್ ಬರುತ್ತದೆ. ಗ್ರಾವೆಲ್ ಬೈಕ್ ಎನ್ನುತ್ತಾರೆ. ಜಲ್ಲಿಯ ಮೇಲೆ ಸವಾರಿ, ಹ್ಯಾಂಡಲ್ಲು ಬೇರೆ ಕೊಂಬಿನ ಹಾಗೆ ಬಗ್ಗಿದ್ದು. ನಾನು ಅದಕ್ಕೆ ಜಲ್ಲಿಕಟ್ಟು ಎಂದು ಹೆಸರಿಟ್ಟಿದ್ದೇನೆ.

ನಮ್ಮ ಗುಂಪಿನ ಹಿರಿಯರು ಪೃಥ್ವಿರಾಜ್. ಮೂಲ್ಕಿ ಕಡೆಯವರು, ಐವತ್ತಾರು ವರ್ಷ, ಮನೆಯಲ್ಲಿ ತುಳು. ನಾನು ರೋಶನ್, ಮಂಗಳೂರಿನವನು, ಮನೆಯಲ್ಲಿ ಕೊಂಕಣಿ. ಅವರನ್ನು ನಾನು ಪೃಥ್ವಿಯಣ್ಣ ಎಂದು ಕರೆಯುವುದು. ಹೆಸರಿನಲ್ಲಿ ಇಡೀ ಪೃಥ್ವಿ ಇದ್ದರೂ ಸೈಕಲ್ ಹತ್ತಿದ ಮೇಲೆ ಪೃಥ್ವಿಗೆ ಕಾಲು ತಾಗಿಸಲು ಒಪ್ಪದ ಮನುಷ್ಯ. ಎಂಥ ಮರಳಿರಲಿ, ಎಂಥ ಏರಿರಲಿ, ಇಳಿಯುವುದಿಲ್ಲ.

ಈ ಹಟಕ್ಕೆ ಕಾರಣ ನಾನು. ಎರಡು ವರ್ಷದ ಹಿಂದೆ ಕಡಲ ಬದಿಯ ಮರಳಿನಲ್ಲಿ ಚಕ್ರ ಹೂತು ಅವರು ಒಮ್ಮೆ ಇಳಿದಿದ್ದರು. ಆಗ ನಾನು ರೈಲ್ವೆ ಸ್ಟೇಷನ್ನಿನ ಹೆಂಗಸಿನ ದನಿ ತೆಗೆದು ಕೂಗಿದ್ದೆ: "ಯಾತ್ರಿಕರ ಗಮನಕ್ಕೆ. ಪೃಥ್ವಿರಾಜ್ ಎಕ್ಸ್‌ಪ್ರೆಸ್ ಇಲ್ಲಿಂದ ಮುಂದೆ ಕಾಲ್ನಡಿಗೆಯಲ್ಲಿ ಸಾಗಲಿದೆ. ನಿಮಗಾದ ಆನಂದಕ್ಕಾಗಿ ವಿಷಾದಿಸುತ್ತೇವೆ." ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಅದು ದೋಹಾದ ನಜ್ಮಾ ಬೀದಿಗಳ ಕೆಫೆಟೇರಿಯಾಗಳವರೆಗೂ ಹೋಯಿತು. ಅಂದಿನಿಂದ ಅವರು ಇಳಿದದ್ದಿಲ್ಲ.

ಹೋದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ಸೈಕಲ್ ಬಿಡಬೇಕಿಲ್ಲ ಎಂದರು ಡಾಕ್ಟರು, ಆದರೆ ಉಸಿರು ಕಟ್ಟಿತೆಂದರೆ ಇಳಿದು ನಡೆಯಬೇಕು, ಅದರಲ್ಲಿ ಚೌಕಾಸಿ ಇಲ್ಲ. ಪೃಥ್ವಿಯಣ್ಣ ತಲೆ ಆಡಿಸಿ ಬಂದರು. ಬಂದವರೇ ಫ್ರಾನ್ಸಿಗೆ ಟಿಕೆಟ್ ಮಾಡಿದರು. ಅಲ್ಲಿನ ಗುಡ್ಡಗಾಡಿನಲ್ಲಿ ರೈಲು ನಿಂತುಹೋದ ಹಳೆಯ ದಾರಿಗಳ ಹಳಿ ಕಿತ್ತು ಸೈಕಲ್ಲಿಗೆ ಬಿಟ್ಟಿದ್ದಾರಂತೆ. ಕಾರಿಲ್ಲ, ಲಾರಿಯಿಲ್ಲ, ಹಾರನ್ ಇಲ್ಲ. ಚೆಸ್ಟ್‌ನಟ್ ಮರಗಳ ನೆರಳು, ಸುರಂಗ, ಹೊಳೆ. ಅಂಥ ದಾರಿಗೆ ಅವರ ಭಾಷೆಯಲ್ಲಿ 'ವ್ವಾ ವೆರ್ತ್', ಅಂದರೆ ಹಸಿರು ದಾರಿ. ನನ್ನ ಕಿವಿಗೆ ಅದು 'ವಾಹ್, ವ್ಯರ್ಥ' ಎಂದೇ ಕೇಳುತ್ತದೆ. ಏಪ್ರಿಲಿನಲ್ಲಿ ಆರು ದಿನದ ಸವಾರಿ. ಅವರ ಜೊತೆ ನಾನು, ಹಿಂದೆ ಸಾಮಾನಿನ ವ್ಯಾನಿನಲ್ಲಿ ಅವರ ಹೆಂಡತಿ ಶರ್ಮಿಳಕ್ಕ.

ಹಳಿದಾರಿ ಸಮತಟ್ಟು, ನಿಜ. ಆದರೆ ಅದರಿಂದ ರಾತ್ರಿ ತಂಗುವ ಮನೆಗಳಿಗೆ ಹೋಗಬೇಕಾದರೆ ಗುಡ್ಡ ಹತ್ತಬೇಕು. ಖತರಿನಲ್ಲಿ ಅಭ್ಯಾಸಕ್ಕೆ ಗುಡ್ಡವೆಲ್ಲಿ? ನಮಗೆ ಫ್ಲೈಓವರೇ ಚಾರ್ಮಾಡಿ, ಮಾಲ್‌ನ ಪಾರ್ಕಿಂಗೇ ಶಿರಾಡಿ.

ಫೆಬ್ರವರಿಯಲ್ಲಿ ಒಂದು ಸಂಜೆ ಶರ್ಮಿಳಕ್ಕ ನನ್ನನ್ನು ಮನೆಗೆ ಕರೆದರು. ಅಣ್ಣ ಸ್ನಾನಕ್ಕೆ ಹೋಗಿದ್ದರು.

"ನೀನು ಕೂತುಕೋ. ಇವತ್ತು ಯಾರ ದನಿಯೂ ಬೇಡ," ಎಂದರು. "ನಿನ್ನೆ ಫ್ಲೈಓವರಿನಲ್ಲಿ ಇವರ ಕೈಯ ಎದೆಬಡಿತ ಅಳೆಯುವ ವಾಚು ಬೊಬ್ಬೆ ಹೊಡೀತಾ ಇತ್ತು. ಇವರು ಎಂತ ಮಾಡಿದ್ದು ಗೊತ್ತುಂಟಾ? ಅಂಗಿಯ ತೋಳು ಎಳೆದು ಮುಚ್ಚಿದ್ದು. ನಾನು ಹಿಂದೆ ಕಾರಿನಲ್ಲಿ ನೋಡ್ತಾ ಇದ್ದೇನೆ."

"ನಾನು ಹೇಳ್ತೇನೆ ಅಕ್ಕ, ಇಳೀರಿ ಅಂತ."

"ನೀನು ಹೇಳಿದ್ರೆ ಇಳೀಲಿಕ್ಕುಂಟಾ? ನಿನ್ನ ಬಾಯಿಗೆ ಹೆದರಿಯೇ ಅವರು ಇಳಿಯದ್ದು, ಮಾರಾಯ! ಹೆಂಡತಿ ಹೇಳಿದ್ರೆ ಹೆದರುಪುಕ್ಕಲಿ, ಡಾಕ್ಟ್ರು ಹೇಳಿದ್ರೆ ಪುಸ್ತಕದ ಬದನೆಕಾಯಿ. ಅಲ್ಲಿ ಫ್ರಾನ್ಸಿನ ಗುಡ್ಡದಲ್ಲಿ ಏನಾದ್ರೂ ಆದ್ರೆ ನಾನು ಯಾರನ್ನು ಕರೀಲಿ? ನೀನು ಹಾಕಿದ ಗಂಟು. ನೀನೇ ಬಿಚ್ಚು."

ಅವರ ಕಣ್ಣಿನಲ್ಲಿ ನೀರಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ವಾರ ನಾನು ಯಾರನ್ನೂ ಅಣಕಿಸಲಿಲ್ಲ. ಬಸ್ಸಿನಲ್ಲಿ ಜನ ನನಗೆ ಜ್ವರವೋ ಎಂದು ಕೇಳಿದರು. ನಾನು ಯೋಚಿಸುತ್ತಿದ್ದುದು ಇಳಿಯುವುದರ ಬಗ್ಗೆ. ನಮ್ಮೂರ ಕಡೆ ದೈವದ ಚಾವಡಿಯ ಎದುರು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ನಡೆದು, ಗಡಿ ದಾಟಿದ ಮೇಲೆ ಮತ್ತೆ ಹತ್ತುವ ಹಿರಿಯರನ್ನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅವರನ್ನು ದಣಿದವರು ಎಂದು ಯಾರೂ ನಕ್ಕದ್ದಿಲ್ಲ. ಸೋತು ಇಳಿಯುವುದಕ್ಕೂ ಮಣಿದು ಇಳಿಯುವುದಕ್ಕೂ ನೋಡಲು ಏನೂ ವ್ಯತ್ಯಾಸವಿಲ್ಲ, ಕಾಲು ನೆಲಕ್ಕೆ ತಾಗುವುದು ಒಂದೇ ರೀತಿ. ಹಾಗಾದರೆ ಅಣ್ಣನಿಗೆ ಬೇಕಾದದ್ದು ಬುದ್ಧಿಮಾತಲ್ಲ. ದೇವರು.

ಭಾನುವಾರ ಆಫೀಸಿನ ಇಂಟರ್ನೆಟ್ ಫೋನಿನಿಂದ, ನಂಬರ್ ಕಾಣದ ಹಾಗೆ, ಅಣ್ಣನಿಗೆ ಕರೆ ಮಾಡಿದೆ. ಫ್ರಾನ್ಸಿನಲ್ಲಿ ತಂಗಲು ನಾವು ಬುಕ್ ಮಾಡಿದ್ದ ಮನೆಯ ಯಜಮಾನಿಯ ಹೆಸರು ಓದಿಲ್. ಓದಿಲ್ಲವೋ ಓದಿದ್ದಾಳೋ, ದನಿಯಂತೂ ನನಗೆ ಗೊತ್ತಿರಲಿಲ್ಲ, ಕಲ್ಪಿಸಿಕೊಂಡೆ. ಮೂಗಿನಿಂದ ಅರ್ಧ, ಗಂಟಲಿನಿಂದ ಅರ್ಧ, ಎಲ್ಲಿಯೂ ಹಕಾರ ಇಲ್ಲ.

"ಅಲ್ಲೋ, ಮ್ಸ್ಯೂ ಪ್ರಿತ್ವಿರಾಝ್? ಮದಾಂ ಓದಿಲ್ ಇಯರ್. ಅವರ್ ಇಲ್ಸ್, ವೆರಿ ಓಲ್ಡ್ ಇಲ್ಸ್."

ಇಂಗ್ಲಿಷಿನಲ್ಲಿ ನಾನು ಹೇಳಿದ್ದರ ಸಾರಾಂಶ ಇಷ್ಟು: ನಮ್ಮ ಗುಡ್ಡಗಳ ಬುಡದಲ್ಲಿ ಕಲ್ಲಿನ ಹಳೆಯ ಶಿಲುಬೆಗಳಿವೆ. ಶಿಲುಬೆ ಕಂಡಲ್ಲಿ ಸವಾರರು ಇಳಿದು ಗುಡ್ಡದ ನೆತ್ತಿಯವರೆಗೆ ನಡೆದೇ ಹೋಗುವುದು ಪದ್ಧತಿ. ಇಳಿಯದವರನ್ನು ಊರಿನವರು ಒರಟರು ಎನ್ನುತ್ತಾರೆ.

ಅಣ್ಣ ಗಂಭೀರವಾಗಿ, "ಮೇಡಂ, ಡೋಂಟ್ ವರಿ. ವಿ ಹ್ಯಾವ್ ಸೇಮ್ ಸಿಸ್ಟಂ ಇನ್ ಮೂಲ್ಕಿ," ಎಂದರು.

ಮರುದಿನ ಬಸ್ಸಿನಲ್ಲಿ ಇಡೀ ಗುಂಪಿಗೆ ಅವರದೇ ಉಪನ್ಯಾಸ. "ನೋಡಿ, ಅಲ್ಲಿಯೂ ನಮ್ಮ ದೈವಗಳ ಹಾಗೆ ಕಾರ್ಣಿಕ ಉಂಟು. ನಾವು ಪರಸ್ಥಳಕ್ಕೆ ಹೋಗುವವರು, ಅವರ ಮರ್ಯಾದೆ ಇಡಬೇಕು. ರೋಶನ್, ನೀನು ಅಲ್ಲಿ ಬಾಯಿ ಮುಚ್ಚಿಕೊಂಡು ಇಳೀಬೇಕು, ಖಲಾಸ್. ನೀನು ಕ್ರಿಶ್ಚಿಯನ್ ಬೇರೆ!"

ಮುಂದಿನ ಶುಕ್ರವಾರ ಸೈಕಲ್‌ಗಳನ್ನು ಅಣ್ಣನ ಕಾರಿನ ಹಿಂದೆ ಕಟ್ಟಿ ಝಿಕ್ರೀತಿಗೆ ಹೋದೆವು. ಖತರಿನಲ್ಲಿ ಗುಡ್ಡ ಎನ್ನಬಹುದಾದ ಸುಣ್ಣಕಲ್ಲಿನ ದಿಬ್ಬಗಳಿರುವುದು ಆ ಪಶ್ಚಿಮದ ಕಡೆ. ಶರ್ಮಿಳಕ್ಕ ಫ್ಲಾಸ್ಕ್ ಹಿಡಿದುಕೊಂಡು ಕಾರಿನ ಬಳಿ ಕೂತರು. ನಾವಿಬ್ಬರು ಹತ್ತು ಕಿಲೋಮೀಟರ್ ಸುತ್ತಿ ಕಾರಿನ ಹತ್ತಿರವೇ ಇದ್ದ ದೊಡ್ಡ ದಿಬ್ಬದ ಬುಡಕ್ಕೆ ಬಂದೆವು. ಬೇರೊಂದು ವಾಹನವಿಲ್ಲ. ಟೈರಿನ ಕೆಳಗೆ ಜಲ್ಲಿ ಹುರಿದ ಅಕ್ಕಿಯ ಹಾಗೆ ಸದ್ದು ಮಾಡುತ್ತಿತ್ತು.

ಅಣ್ಣ ನಾಲ್ಕು ಕಲ್ಲು ಪೇರಿಸಿ, "ಇದು ಶಿಲುಬೆ ಅಂತ ಇಟ್ಟುಕೋ," ಎಂದರು. ಹೆಲ್ಮೆಟ್ ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿದರು. ಸೈಕಲ್ಲನ್ನು ತಳ್ಳಿಕೊಂಡು ನಡೆಯತೊಡಗಿದರು. ನಾನು ಅವರ ಪಕ್ಕದಲ್ಲಿ.

ಏರಿನಲ್ಲಿ ನಾವು ಮಾತಾಡಿಕೊಂಡದ್ದು ಅದೇ ಮೊದಲು. ಎರಡು ವರ್ಷ ಏರೆಂದರೆ ಬರೀ ಏದುಸಿರು. ಅಣ್ಣ ತಮ್ಮ ಸೋದರಮಾವನ ಸುದ್ದಿ ತೆಗೆದರು.

"ಬಂಟ ದೇಹ ಅವರದ್ದು. ಎರಡು ಮುಡಿ ಅಕ್ಕಿ ಕ್ಯಾರಿಯರಿನಲ್ಲಿಟ್ಟು ತುಳೀತಿದ್ರು. ಚಾವಡಿ ಎದುರು ಮಾತ್ರ ಇಳಿಯುವುದೇ. ನಾನು ಸಣ್ಣವ, ಕೇಳಿದೆ, ಮಾವ, ಯಾರೂ ನೋಡ್ತಾ ಇಲ್ಲ ಅಲ್ವಾ ಅಂತ. ಯಾರಾದ್ರೂ ನೋಡಲಿ ಅಂತ ಇಳಿಯುವುದಲ್ಲ ಮಗಾ ಅಂದ್ರು." ಕಲ್ಲಿಗೆ ಸಿಕ್ಕಿದ ಚಕ್ರವನ್ನು ಎತ್ತಿ ದಾಟಿಸಿದರು. "ನಾನು ಇಳಿಯದ್ದು ಮಾತ್ರ ಯಾರೋ ನೋಡ್ತಾರೆ ಅಂತಲೇ."

ಗಾಳಿ ಬೀಸುತ್ತಿತ್ತು. ನಾನೂ ಹೆಲ್ಮೆಟ್ ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿದೆ.

ನೆತ್ತಿಗೆ ಬಂದಾಗ ಮೂರೂ ಕಡೆ ಸಮುದ್ರ ಕಾಣುತ್ತಿತ್ತು. ಅಣ್ಣನ ಉಸಿರು ಸರಿಯಾಗಿತ್ತು. ಇಲ್ಲಿಯವರೆಗೆ ಬದುಕಿಸಿದ ಸುಳ್ಳು, ಇನ್ನು ಸಾಕು ಅನ್ನಿಸಿತು.

"ಅಣ್ಣ, ಬಯ್ಯಬಾರದು. ಆ ಫೋನು ಮಾಡಿದ್ದು ನಾನು. ಮದಾಂ ಅಲ್ಲ. ಅಲ್ಲಿ ಪದ್ಧತಿಯೂ ಇಲ್ಲ, ಎಂತದ್ದೂ ಇಲ್ಲ. ನೀವು ಇಳೀಲಿ ಅಂತ..."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದರು.

"ಮಂಗಳವಾರವೇ ಗೊತ್ತಾಗಿದೆ."

"ಹೇಗೆ?"

"ನನಗೊಂದು ಡೌಟ್ ಇತ್ತು ಮಾರಾಯ. ಇಳಿದದ್ದು ಸರಿ, ಶೂ ತೆಗೀಬೇಕಾ ಬೇಡವಾ? ಮರ್ಯಾದೆ ಅಂದ ಮೇಲೆ ಪೂರ್ತಿ ಮಾಡಬೇಕಲ್ವಾ. ನಮ್ಮ ಮೂಲ್ಕಿಯ ಪದ್ಧತಿಯನ್ನೂ ಬರೆದು ಮದಾಮಿಗೆ ಮೇಲ್ ಹಾಕಿದೆ. ನಾನು ಫೋನೇ ಮಾಡಿಲ್ಲ ಅಂತ ಬರೆದರು. ಖತರಿನಲ್ಲಿ ಹೆಂಗಸಿನ ದನಿ ತೆಗೆಯುವ ಪೋಕರಿ ನನಗೆ ಗೊತ್ತಿರುವುದು ಒಬ್ಬನೇ."

"ಮತ್ತೆ ಇವತ್ತು ಯಾಕೆ ಇಳಿದದ್ದು?"

"ನನ್ನನ್ನು ಇಳಿಸಲಿಕ್ಕೆ ನೀನು ಫ್ರಾನ್ಸಿನ ದೇವರನ್ನೇ ಕರ್ಕೊಂಡು ಬಂದಿದ್ದಿ. ಇನ್ನು ನಗುವವ ಅಲ್ಲ ನೀನು ಅಂತ ಗೊತ್ತಾಯ್ತು." ಅವರು ದಿಬ್ಬದ ಕೆಳಗೆ ನೋಡಿದರು. ಕಾರಿನ ಪಕ್ಕ ಶರ್ಮಿಳಕ್ಕ ಕೈಯನ್ನು ಹಣೆಗೆ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದರು. "ಅವಳನ್ನು ನೋಡು. ಇಷ್ಟು ದಿನ ಕಾರಿನ ಒಳಗೆ ಕೂತು ಜಪ ಮಾಡ್ತಿದ್ದಳು. ಅಲ್ಲಿಯೂ ಇಳೀತೇನೆ. ಪದ್ಧತಿ ಇದ್ದರೂ, ಇಲ್ಲದೆ ಮಾಫಿ ಆದರೂ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಮೊಬೈಲನ್ನು ನನ್ನ ಮೂಗಿಗೆ ಹಿಡಿದರು. "ಅದೆಲ್ಲ ಇರಲಿ, ನಿನ್ನೆ ಬಂದದ್ದು ಓದು. ಜೋರಾಗಿ ಓದು. ಮದಾಮಿನ ದನಿಯಲ್ಲಿ."

ಓದಿದೆ. ಪದ್ಧತಿ ಇಲ್ಲದಿದ್ದರೂ ಅದು ತನಗೆ ಬಹಳ ಹಿಡಿಸಿತೆಂದು ಮದಾಂ ಬರೆದಿದ್ದರು. ತಮ್ಮ ಮನೆಯ ಕೆಳಗಿನ ಶಿಲುಬೆಯ ಹತ್ತಿರ ಒಂದು ಹಲಗೆ ನೆಟ್ಟಿದ್ದಾರಂತೆ: 'ಭಾರತದ ಮೂಲ್ಕಿಯ ಪದ್ಧತಿಯಂತೆ ಇಲ್ಲಿ ಇಳಿದು ನಡೆಯಿರಿ.' ನಿನ್ನೆ ಬಂದ ಡಚ್ ಗಂಡಹೆಂಡಿರು ಅದನ್ನು ಓದಿ, ಸೈಕಲ್ ಇಳಿದು, ಗುಡ್ಡದ ನೆತ್ತಿಯವರೆಗೂ...

ಮುಂದಿನದ್ದನ್ನು ಓದಲು ಅಣ್ಣ ಬಿಡಲಿಲ್ಲ. "ಶೂ!" ಎಂದರು. "ನನ್ನದೇ ಡೌಟು ಅವರಿಗೂ, ಶೂ ಕೈಯಲ್ಲಿ ಹಿಡಿದುಕೊಂಡು ಹೋದರಂತೆ ಮಾರಾಯ! ಆ ಚಳಿಯಲ್ಲಿ!" ಅಲ್ಲೇ ಜಲ್ಲಿಯ ಮೇಲೆ ಕುಕ್ಕರಿಸಿ, ತೊಡೆ ತಟ್ಟಿಕೊಂಡು ನಗತೊಡಗಿದರು. ನಾನೂ ನಕ್ಕೆ. ಆದರೆ ಕೆಳಗೆ ಕಾರಿನ ತನಕ ಹೋಗಿ, ಶರ್ಮಿಳಕ್ಕನನ್ನು ಫ್ಲಾಸ್ಕ್ ಸಮೇತ ಮೇಲಕ್ಕೆ ಓಡಿಸಿಕೊಂಡು ಬಂದದ್ದು ಅವರ ನಗುವೇ.