ತೇಲಬೇಕಾದ ನೊಣ

೧೯೧೩ರ ಏಪ್ರಿಲ್‌ನಲ್ಲಿ ಚಾಮರಾಜಪೇಟೆಯ ಎದುರು ಬಂದು ನಿಂತ ಅತಿ ಗಹನವಾದ ಪ್ರಶ್ನೆ ಒಂದು ನೊಣದ್ದು: ಅದು ನೀರಿನ ಮೇಲೆ ತೇಲುತ್ತದೋ, ಮುಳುಗುತ್ತದೋ. ನೊಣವೂ ನಿಜವಾದದ್ದಲ್ಲ, ಪುಟ್ಟ ಗಾಳಕ್ಕೆ ಹುಂಜದ ಕತ್ತಿನ ಗರಿ ಸುತ್ತಿ ಕಟ್ಟಿದ್ದು. ಊಟಿಯ ಹೊಳೆಗಳಲ್ಲಿ ಬಿಳಿಯರು ತಂದು ಬಿಟ್ಟ ಟ್ರೌಟ್ ಎಂಬ ಮೀನು ಬಲು ಮಡಿವಂತ ಜಾತಿಯದಂತೆ. ತೇಲುವ ನೊಣಕ್ಕೆ ಮಾತ್ರ ಬಾಯಿ ತೆರೆಯುತ್ತದಂತೆ.

ಮೀನಿನ ವಾಸನೆಗೇ ಮೂಗು ಮುಚ್ಚುವ ಚಕ್ರಪಾಣಿರಾಯರು, ತಮ್ಮ ಮನೆಯ ಮಾಲಿ ಅಂಥ ನೊಣಗಳನ್ನು ಕಟ್ಟಬಲ್ಲನೆಂದು ಕಚೇರಿಯ ದೊರೆಯ ಮುಂದೆ ಬಡಾಯಿ ಕೊಚ್ಚಿದ್ದರು. ದೊರೆ ಮಾದರಿಗೊಂದು ನೊಣ, ಹನ್ನೆರಡು ಬರಿಗಾಳ ಕೊಟ್ಟು ಕಳಿಸಿದರು.

"ನನ್ನ ಮಾನ ನಿನ್ನ ಕೈಲಿದೆ ಕಣೋ ಅಶ್ವತ್ಥಪ್ಪ. ಮುಳುಗಿದ್ರೆ ಹಿತ್ತಲ ಕೋಣೆ ಖಾಲಿ ಮಾಡು."

"ಸ್ವಾಮಿ, ನಮ್ ಹೆಂಗ್ಸಿಗೆ ಎಂಟು ತಿಂಗ್ಳು ತುಂಬ್ತು..."

"ಹಾಗಾದ್ರೆ ತೇಲಿಸು."

ಹೆರಿಗೆ ಸುಸೂತ್ರವಾಗಲೆಂದು ಹೆಂಡತಿ ಮುನಿಗಂಗಮ್ಮ ಸಪ್ಪಲಮ್ಮ ದೇವಿಗೆ ಬಿಟ್ಟಿದ್ದ ಕೆಂಪು ಹುಂಜವನ್ನು ಹಿಡಿದು ಅಶ್ವತ್ಥಪ್ಪ ಕತ್ತು ಬೋಳಿಸಿದ.

"ಹರಕೆ ಹುಂಜ ಕಣಯ್ಯಾ! ಕಿತ್ಲೇಬೇಕಿದ್ರೆ ರಾಯರ ಜುಟ್ಟಿತ್ತಲ್ಲ!"

"ಸೂರಿಲ್ದೆ ಬೀದೀಲಿ ಹೆರ್ತೀಯಾ? ಸುಮ್ನಿರು."

ಎರಡು ಹಗಲು ಕಣ್ಣು ಕಿತ್ತುಬರುವಂತೆ ಕಟ್ಟಿದ. ಮಾದರಿಯಲ್ಲಿದ್ದದ್ದು ಮೇಣ ಹಚ್ಚಿದ ರೇಷ್ಮೆ ಎಳೆ. ಮೂರು ತಲೆಮಾರು ಹೂ ಕಟ್ಟಿದ ಬೆರಳುಗಳಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಒದ್ದೆ ಬಾಳೆನಾರಿನ ಗಂಟೇ ಗಂಟು. ನಾರನ್ನು ಕೂದಲಿನಷ್ಟು ಸೀಳಿ ಅದರಿಂದಲೇ ಸುತ್ತಿದ. ಮುಗಿದ ಮೇಲೆ, ಬಾಡದಿರಲೆಂದು ನೀರು ಚಿಮುಕಿಸಿ ಬಾಳೆಲೆಯಲ್ಲಿ ಮಡಿಸಿಟ್ಟ. ಮಲ್ಲಿಗೆಗೆ ಮಾಡುತ್ತಿದ್ದುದೂ ಅದೇ.

ಪರೀಕ್ಷೆ ಕೆಂಪಾಂಬುಧಿ ಕೆರೆಯ ಏರಿಯ ಮೇಲೆ. ದೊರೆ ಪೊಟ್ಟಣ ಬಿಚ್ಚಿ "ಬ್ಯೂಟಿಫುಲ್" ಎಂದರು. ರಾಯರು ಆ ಹೊಗಳಿಕೆಯನ್ನು ತಾವೇ ತಲೆಬಾಗಿ ಸ್ವೀಕರಿಸಿದರು. ದೊರೆ ಗಾಳದ ಕೋಲು ಬೀಸಿದರು, ನೊಣ ಹಗುರವಾಗಿ ನೀರಿನ ಮೇಲೆ ಕೂತಿತು. ಅಶ್ವತ್ಥಪ್ಪ ಉಸಿರು ಹಿಡಿದು ಗೊತ್ತಿದ್ದ ದೇವರನ್ನೆಲ್ಲ ಕರೆದ. ಸಪ್ಪಲಮ್ಮನ ಹೆಸರೆತ್ತಲು ಮಾತ್ರ ಧೈರ್ಯವಾಗಲಿಲ್ಲ. ಒದ್ದೆ ನಾರು ಇನ್ನಷ್ಟು ನೀರು ಕುಡಿಯಿತು. ನೊಣ ಬಾಲದ ಕಡೆಯಿಂದ ಮುಳುಗಿತು. ಎರಡನೆಯದೂ ಮುಳುಗಿತು. ಮೂರನೆಯದಕ್ಕೆ ಅಷ್ಟು ಹೊತ್ತೂ ಬೇಕಾಗಲಿಲ್ಲ.

"ನಾರು ಬಿಚ್ಚಿ ರೇಷ್ಮೇಲಿ ಕಟ್ತೀನಿ ಸ್ವಾಮಿ, ಒಂದಿನ ಕೊಡ್ಸಿ, ನಿಮ್ ಕಾಲಿಗೆ ಬೀಳ್ತೀನಿ!"

"ದೊರೆ ಊಟಿಗೆ ಹೋಗೋ ರೈಲು ಇವತ್ತೇ ಕಣೋ, ಮುಠ್ಠಾಳ!"

ಹನ್ನೆರಡೂ ಮುಳುಗಿದವು. ಮರುದಿನ ಬೆಳಿಗ್ಗೆ ಅಶ್ವತ್ಥಪ್ಪನೂ ಮುನಿಗಂಗಮ್ಮನೂ ಕೋಣೆ ಖಾಲಿ ಮಾಡಿದರು.