ಬಾಗಿಲು ತೆರೆದ ಮೇಲಿನ ಕತ್ತಲು

ನಾನು ಓಡಿಸಿದ ಒಂದು ಕಪ್ಪು-ಬಿಳುಪು ಸಿನಿಮಾಕ್ಕೆ ಹೆದರಿ ನಮ್ಮೂರ ಗಡಿಯಾರದ ಗೋಪುರ ಎರಡು ಹೆಜ್ಜೆ ಹಿಂದೆ ಸರಿದಿತ್ತು. ನಂಬದಿದ್ದರೆ ಬಿಡಿ. ಮರುದಿನ ಬೆಳಗಾಗುವಷ್ಟರಲ್ಲಿ ಗೋಪುರಕ್ಕೇ ನಾಚಿಕೆಯಾಗಿ ಮೊದಲಿನ ಜಾಗಕ್ಕೆ ಬಂದು ನಿಂತಿತ್ತು.

ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುವವನು ನಾನು. ಆ ಸಿನಿಮಾ ನಮ್ಮಪ್ಪನ ಕಾಲದ್ದು. ದೊಡ್ಡದೊಂದು ಬಂಗಲೆ, ಮದುವೆಯಾಗಿ ಬಂದ ಹುಡುಗಿ, ಮಹಡಿಯ ಮೇಲೆ ಸದಾ ಮುಚ್ಚಿದ ಕೋಣೆ. ಏಳನೇ ರೀಲಿನ ಕೊನೆಗೆ ಅವಳು ದೀಪ ಹಿಡಿದು ಮೆಟ್ಟಿಲು ಹತ್ತಿ ಬಾಗಿಲು ತಳ್ಳುತ್ತಾಳೆ. ಎಂಟನೇ ರೀಲಿನಲ್ಲಿ ಒಳಗೆ ಕಾಣುವುದು ಬಟ್ಟೆ ಹೊದಿಸಿದ ಒಂದು ಕುರ್ಚಿ. ಇಷ್ಟಕ್ಕೆ ಯಾರು ಹೆದರುತ್ತಾರೆ? ಅದಕ್ಕೇ ಎರಡು ರೀಲುಗಳ ನಡುವೆ ನನ್ನ ಕೈಚಳಕ ಸೇರಿಸಿದೆ. ಬಾಗಿಲು ತೆರೆದೊಡನೆ ಪರದೆ ಪೂರ್ತಿ ಕತ್ತಲು, ಸದ್ದಿಲ್ಲ, ಮೂರು ನಿಮಿಷ.

ಆ ಕತ್ತಲಲ್ಲಿ ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲ. ಮೇಷ್ಟರಿಗೆ ತೀರಿಹೋದ ತಂದೆ ಕಂಡರಂತೆ, ಕನ್ನಡಕ ಹುಡುಕುತ್ತಿದ್ದರಂತೆ. ದರ್ಜಿ ಹೆದರಿ ಪಕ್ಕದವನ ತೋಳು ಹಿಡಿದು ಅಂಗಿ ಹರಿದುಹಾಕಿದ, ಮರುದಿನ ಅವನೇ ಹೊಲಿದುಕೊಟ್ಟ. ಆಟ ನೋಡಲು ಬಂದಿದ್ದ ಪೊಲೀಸಿನವರು ತಮಗೆ ಅಲ್ಲಿ ಯಾರೂ ಕಾಣಲಿಲ್ಲ ಎಂದರು. ಹೇಳುವಾಗ ಟೋಪಿಯನ್ನು ಎದೆಗೆ ಅವಚಿಕೊಂಡಿದ್ದರು. ಆ ಕತ್ತಲನ್ನು ಹಾಗೇ ಇರಿಸು ಎಂದು ಮಾಲೀಕರು ಬೆನ್ನು ತಟ್ಟಿದರು.

ಇನ್ನು ನನ್ನ ಅಕ್ಕ, ನಮ್ಮ ಮನೆಯಲ್ಲೇ ಇರುವವಳು. ಹೋದ ವರ್ಷ ಅವಳ ಒಂಬತ್ತು ವರ್ಷದ ಮಗಳು ಪುಟ್ಟಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅಂದಿನಿಂದ ಹೊಸಿಲು ದಾಟದಿದ್ದ ಅಕ್ಕ, ಊರವರ ಮಾತು ಕಿವಿಗೆ ಬಿದ್ದು ಒಂದು ಮಧ್ಯಾಹ್ನದ ಆಟಕ್ಕೆ ಬಂದಳು. ಮನೆಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು:

"ಆ ಬಾಗಿಲ ಹಿಂದೆ ಪುಟ್ಟಿ ಇದ್ಲು ಕಣೋ. ನನಗೆ ಬೆನ್ನು ಹಾಕಿ ಕೂತು ಶೂ ಹಾಕ್ಕೋತಿದ್ಲು."

ಆಗ ನಾನು ಸುಮ್ಮನಿರಬೇಕಿತ್ತು. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಎಲ್ಲ ನನ್ನದೇ ಕೆಲಸ, ಯಾರನ್ನು ಬೇಕಾದರೂ ಆ ಕತ್ತಲಲ್ಲಿ ತಂದು ನಿಲ್ಲಿಸುತ್ತೇನೆ ಎಂದುಬಿಟ್ಟೆ. ಅಕ್ಕ ಮರುದಿನವೂ ಬಂದಳು, ಅದರ ಮರುದಿನವೂ. ತಲೆ ಬಾಚಿಕೊಳ್ಳತೊಡಗಿದಳು. ಎರಡು ತುತ್ತು ಹೆಚ್ಚು ಉಂಡಳು. ದಿನವೂ ಪುಟ್ಟಿ ಅಲ್ಲೇ ಇದ್ದಳಂತೆ. ಒಂದು ಶೂ ಹಾಕಿ ಆಗಿತ್ತಂತೆ.

ಎಂಟನೆಯ ದಿನ ಕೊನೆಯ ಆಟ. ರೀಲಿನ ಪೆಟ್ಟಿಗೆ ಅಂದೇ ವಾಪಸು ಹೋಗಬೇಕು. ಆಟಕ್ಕೆ ಮೊದಲು ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಒಂದೊಂದೇ ಮೆಟ್ಟಿಲು, ನಿಧಾನವಾಗಿ. ನನ್ನ ಪ್ರೊಜೆಕ್ಟರ್ ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಅಕ್ಕ.

"ಎಲ್ಲ ನೀನೇ ಮಾಡೋದು ಅಂದ್ಯಲ್ಲ. ಇವತ್ತೊಂದು ಸಲ ಅವಳನ್ನ ನನ್ನ ಕಡೆ ತಿರುಗಿಸು. ಮುಖ ನೋಡ್ಬೇಕು."

ತಿರುಗಿಸುವುದಕ್ಕೆ ಇದಕ್ಕಿಂತ ದೊಡ್ಡ ಮೆಷಿನ್ ಬೇಕು ಎಂದು ಏನೋ ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ನಿನ್ನ ಮುಖ ನನಗೆ ಗೊತ್ತಿಲ್ವೇನೋ? ಆಗಲ್ಲ ತಾನೆ?"

"ಆಗಲ್ಲ ಅಕ್ಕ. ಅಲ್ಲಿ ಏನೂ ಇಲ್ಲ. ರೀಲು ಮುಗಿಯೋ ಮುಂಚೆ ಪರದೆ ಮೂಲೇಲಿ ಒಂದು ಚುಕ್ಕಿ ಮಿಂಚುತ್ತೆ. ಆಗ ಇನ್ನೊಂದು ಮೆಷಿನ್‌ಗೆ ಬದಲಾಯಿಸ್ಬೇಕು. ನನಗೆ ತಪ್ಪಿಹೋಗುತ್ತೆ. ರೀಲಿನ ತುದಿಯ ಕಪ್ಪು ಪಟ್ಟಿ ಓಡುತ್ತೆ, ಅದೇ ಕತ್ತಲು. ಮೂರು ನಿಮಿಷವೂ ಇಲ್ಲ, ಹನ್ನೊಂದು ಸೆಕೆಂಡು."

"ದಿನಾ ಹೇಗೆ ತಪ್ಪುತ್ತೆ?"

ಅವಳ ಕಣ್ಣು ಮೆಷಿನ್ ಪಕ್ಕದ ಸ್ಟೂಲಿನ ಮೇಲಿತ್ತು. ಒಂದು ವರ್ಷದಿಂದ ಅದರ ಮೇಲೆ ಯಾರೂ ಕೂತಿಲ್ಲ, ನಾನೂ ಕೂತಿಲ್ಲ.

"ಆ ಬಾಗಿಲು ತೆರೆಯೋವಾಗ ನನಗೆ ಹೆದರಿಕೆ ಅಕ್ಕ, ಕಣ್ಣು ಮುಚ್ಕೋತೀನಿ. ಮೊದಲಿಂದಲೂ ಅಷ್ಟೇ. ಹಿಂದಿನ ಸಲ ಈ ಸಿನಿಮಾ ಬಂದಾಗ ಪುಟ್ಟಿ ಇಲ್ಲಿ ಕೂತು ನೋಡ್ತಾ ಇದ್ದು, 'ಮಾಮ, ಚುಕ್ಕಿ' ಅಂತ ಕೂಗ್ತಿದ್ಲು. ಈಗ್ಲೂ ಕಣ್ಣು ಮುಚ್ಕೊಂಡು, ಅವಳು ಕೂಗ್ಲಿ ಅಂತ ಕಾಯ್ತೀನಿ."